ಒಂದೇ ಹೆಸರಿನ ನಾಲ್ವರು

ಎಂಬತ್ತರ ದಶಕದ ಕೊನೆಗೆ ರಾಯಚೂರಿನ ನಮ್ಮ ಬ್ಯಾಂಕಿಗೆ ಕಂಪ್ಯೂಟರ್ ಬಂತು. ಅದನ್ನು ಕೊಟ್ಟ ಹೈದರಾಬಾದಿನ ಕಂಪನಿಗೆ ಹೋಗಿ ಕಲಿತು ಬರಲು ಬೇರೆ ಯಾರೂ ಒಪ್ಪದ್ದರಿಂದ ಸಾಲ ವಿಭಾಗದ ಗುಮಾಸ್ತೆಯಾಗಿದ್ದ ನನ್ನನ್ನು ಕಳಿಸಿದ್ದರು. ಮೂರು ತಿಂಗಳು ಕೈಬರಹದ ಲೆಡ್ಜರನ್ನೂ ಯಂತ್ರವನ್ನೂ ಜೊತೆಯಲ್ಲೇ ನಡೆಸಬೇಕು, ಪರೀಕ್ಷೆ ಮುಗಿಯಿತೆಂದು ನಾನು ಸಹಿ ಮಾಡಿದ ಮೇಲಷ್ಟೇ ಲೆಡ್ಜರ್ ಮುಚ್ಚಬೇಕು ಎಂದು ಮುಖ್ಯ ಕಚೇರಿಯ ಆದೇಶವಿತ್ತು.

ಎರಡನೇ ತಿಂಗಳಿಗೇ ಮ್ಯಾನೇಜರು ಉದ್ಘಾಟನೆಯ ದಿನ ಗೊತ್ತು ಮಾಡಿಬಿಟ್ಟರು. ಸಹಿಯ ಕಾಗದ ನನ್ನ ಮೇಜಿಗೆ ಬಂತು.

ನನಗೆ ಒಂದು ಅನುಮಾನ ಕಾಡುತ್ತಿತ್ತು. ನಾನು ಅರಕೇರಾದ ಕೂಲಿಯವರ ಮಗಳು. ನಮ್ಮ ಓಣಿಯೊಂದರಲ್ಲೇ ಊರದೇವಿಯ ಹೆಸರಿನ ನಾಲ್ವರು ಹೆಂಗಸರಿದ್ದರು. ಅವರಲ್ಲಿ ಇಬ್ಬರ ಗಂಡಂದಿರ ಹೆಸರೂ ಒಂದೇ. ನಾವು ಅವರನ್ನು ನಡಿಗೆಯಿಂದ, ದನಿಯಿಂದ ಗುರುತಿಸುತ್ತಿದ್ದೆವು. ಹೆಸರು, ಗಂಡನ ಹೆಸರು, ಊರು ಇಷ್ಟನ್ನೇ ನೋಡುವ ಯಂತ್ರ ಹೇಗೆ ಗುರುತಿಸುತ್ತದೆ? ಪರೀಕ್ಷೆಗೆಂದು ಆ ನಾಲ್ವರ ಹೆಸರಿನಲ್ಲಿ ಎಮ್ಮೆ ಸಾಲದ ನಾಲ್ಕು ಅರ್ಜಿ ತುಂಬಿದೆ. ಪರದೆಯ ಮೇಲೆ ಮೂರೇ ಜನ ಕಂಡರು. ಒಬ್ಬಾಕೆಗೆ ಎರಡು ಎಮ್ಮೆ, ಇನ್ನೊಬ್ಬಾಕೆ ಇಲ್ಲವೇ ಇಲ್ಲ.

ಕಾಗದ ಹಿಡಿದು ಮ್ಯಾನೇಜರ ಕೋಣೆಗೆ ಹೋದೆ.

"ಸರ, ಇದು ಇಬ್ಬರನ್ನ ಒಬ್ಬರು ಮಾಡೇದ. ನಾ ಸಹಿ ಮಾಡಂಗಿಲ್ರೀ."

"ಇಂಥಾ ಖೊಟ್ಟಿ ಅರ್ಜಿ ತುಂಬಾಕ ನಿಮಗ ಯಾರು ಹೇಳಿದ್ರು?"

"ಪರೀಕ್ಷಾ ಅಂದ್ರ ಇದರೀ ಸರ."

ಅವರು ದನಿ ತಗ್ಗಿಸಿದರು. "ಸಹಿ ಬ್ಯಾಡ ಬಿಡ್ರಿ. ನಿಮ್ಮ ಪಾಸ್‌ವರ್ಡ್ ಹೇಳ್ರಿ, ಪರೀಕ್ಷಾ ಮುಗೀತಂತ ಯಂತ್ರದಾಗ ನಾನ ಹಾಕ್ತೀನಿ."

"ಅದು ನನ್ನ ಬೆರಳಚ್ಚು ಇದ್ದಂಗರೀ. ಹೇಳಂಗಿಲ್ಲ."

"ರಿಸರ್ವೇಶನ್ನಾಗ ಬಂದವರಿಗೆ ಇಷ್ಟು ಸೊಕ್ಕು ಇರಬಾರದು," ಎಂದರು.

ಸಹಿಯಿಲ್ಲದ ಕಾಗದವನ್ನು ಅವರ ಮೇಜಿನ ಮೇಲಿಟ್ಟೆ. "ಆ ಹೆಂಗಸರ ಓಣ್ಯಾಗಿಂದ ಬಂದೀನಿ ಸರ. ಅದಕ್ಕ ನನಗ ಇದು ಕಂಡದ, ನಿಮಗ ಕಂಡಿಲ್ಲ."

ಹೊರಗೆ ಬಂದಾಗ ಲೆಡ್ಜರ್ ಬರೆಯುತ್ತಿದ್ದ ಹಿರಿಯ ಗುಮಾಸ್ತರು ಪೆನ್ನು ಕೆಳಗಿಟ್ಟರು. ನಿವೃತ್ತಿಗೆ ಹತ್ತಿರವಿದ್ದ, ಯಾರೊಂದಿಗೂ ಜಗಳವಾಡದ ಮನುಷ್ಯ. "ಬೇಟಿ, ಹೈದರಾಬಾದಿಗೆ ಪತ್ರ ಬರಿ. ನನ್ನ ಲೆಡ್ಜರ್ ನಾ ಮುಚ್ಚಂಗಿಲ್ಲ," ಎಂದರು. ಆ ಪತ್ರಕ್ಕೆ ಇಬ್ಬರೂ ಸಹಿ ಮಾಡಿದೆವು.

ಎರಡು ವಾರ ಮ್ಯಾನೇಜರು ನನ್ನನ್ನು ಯಂತ್ರದ ಬಳಿ ಬಿಡದೆ ಟಪಾಲು ಕಳಿಸುವ ರವಾನೆ ಪುಸ್ತಕದ ಕೆಲಸಕ್ಕೆ ಹಾಕಿದರು. ಲಕೋಟೆಗಳಿಗೆ ಅಂಟು ಹಚ್ಚುತ್ತ ಕುದಿಯುತ್ತಿದ್ದೆ. ಆಮೇಲೆ ಹೈದರಾಬಾದಿನಿಂದ ಒಬ್ಬ ಇಂಜಿನಿಯರು ಬಂದರು. ನನ್ನ ನಾಲ್ಕು ಅರ್ಜಿಗಳನ್ನು ತಾವೇ ತುಂಬಿದರು. ಪರದೆ ನೋಡಿ, ತೆಲುಗು ಬೆರೆತ ಕನ್ನಡದಲ್ಲಿ, "ಮಾ ತಪ್ಪೇ ಅಮ್ಮಾ, ನಮ್ಮದೇ ತಪ್ಪು. ಪ್ರತಿಯೊಬ್ಬರಿಗೂ ಬೇರೆ ನಂಬರ್ ಕೊಡಬೇಕಿತ್ತು," ಎಂದರು. ತಿದ್ದಲು ಅವರಿಗೆ ಮೂರು ದಿನ ಹಿಡಿಯಿತು. ಮೂರು ತಿಂಗಳು ತುಂಬಿದ ಮೇಲೆಯೇ ನಾನು ಸಹಿ ಮಾಡಿದೆ. ಮುಂದಕ್ಕೆ ಹೋದ ಉದ್ಘಾಟನೆಯಲ್ಲಿ ನನ್ನನ್ನು ಯಾರೂ ವೇದಿಕೆಗೆ ಕರೆಯಲಿಲ್ಲ.

ಮುಂದೆ ಮಾನ್ವಿಗೂ ದೇವದುರ್ಗಕ್ಕೂ ಯಂತ್ರ ಬಂದಾಗ ಕಲಿಸಲು ನನ್ನನ್ನೇ ಕಳಿಸಬೇಕಾಯಿತು. ದೇವದುರ್ಗದಲ್ಲಿ ಹೊಸದಾಗಿ ಸೇರಿದ ಗುಮಾಸ್ತೆಯೊಬ್ಬಳು ಮೆಲ್ಲಗೆ ಕೇಳಿದಳು: "ಅಕ್ಕಾರ, ಮ್ಯಾಲಿನವರಿಗೆ ಇಲ್ಲ ಅಂದ್ರ ತ್ರಾಸ ಆಗಂಗಿಲ್ಲೇನ್ರೀ?"

"ಆಗ್ತದ," ಎಂದೆ. "ಆದ್ರೂ ಅನ್ನು."