ಮುನಿರತ್ನಮ್ಮನ ತೋಟದ ಮಣ್ಣಿನ ಹೆಂಗಸು

ಮುನಿರತ್ನಮ್ಮ ಮರಗಳಿಗೆ ಹೊಡೆಯುತ್ತಿದ್ದಳು. ಸುಮ್ಮನೆ ತಟ್ಟೋದಲ್ಲ, ಹೊಡೆಯೋದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿನ ಚಪ್ಪಲಿ ಕೈಗೆ ತಗೊಂಡು, ಕಾಯಿ ಬಿಡದ ಸಪೋಟ ಮರದ ಬುಡಕ್ಕೆ ಪಟಪಟ ಅಂತ ಬಿಗಿಯುತ್ತಿದ್ದರೆ ಗೋಡೆಯಾಚೆ ನಮ್ಮ ಹಿತ್ತಲಿಗೆ ಕೇಳಿಸುತ್ತಿತ್ತು.

"ನೀರು ಕುಡಿಯಾಕೆ ಬಾಯೈತೆ, ಗೊಬ್ಬರ ತಿನ್ನಾಕೆ ಬಾಯೈತೆ. ಕಾಯಿ ಬಿಡು ಅಂದ್ರೆ ಮಾತ್ರ ರೋಗ ಬರುತ್ತೆ ನಿಂಗೆ."

ಮರದ ಮೇಲೆ ಸಿಟ್ಟು ಮುಗಿದ ಮೇಲೆ ಅದೇ ಚಪ್ಪಲಿ ಕಾಲಿಗೆ ಹಾಕಿಕೊಂಡು ಅದೇ ಮರಕ್ಕೆ ನೀರು ಹಾಕುತ್ತಿದ್ದಳು. ಯಾರಾದರೂ ನಕ್ಕರೆ ತೆಲುಗಿನಲ್ಲಿ ಒಂದು ಮಾತು ಹೇಳುತ್ತಿದ್ದಳು. "ದೆಬ್ಬ ತಿಂಟೇನೇ ಚೆಟ್ಟು ಕಾಸ್ತುಂದಿ." ಏಟು ತಿಂದರೇನೇ ಮರ ಕಾಯಿ ಬಿಡೋದು ಅಂತ. ಅವಳ ತವರು ಚೇಳೂರಿನ ಕಡೆ, ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ಹಂಗಾಗಿ ದಿನಾ ಬರುತ್ತಿತ್ತು.

ಶಿಡ್ಲಘಟ್ಟದಲ್ಲಿ ಚಿಂತಾಮಣಿ ರಸ್ತೆ ಕಡೆಗೆ ಊರು ಮುಗಿಯೋ ಹತ್ತಿರ ನಮ್ಮ ಎರಡು ಮನೆ. ನಡುವೆ ಒಂದೇ ಗೋಡೆ. ನಾನು ನಲವತ್ತು ವರ್ಷ ರೇಷ್ಮೆ ನೂಲು ತೆಗೆದವಳು. ಬೆಂದ ಗೂಡಿನ ನೀರಲ್ಲಿ ಕೈ ಇಟ್ಟು ಇಟ್ಟು ಬೆರಳ ತುದಿಗಳು ಸತ್ತುಹೋಗಿವೆ. ಅವಳು ನನಗಿಂತ ಐದು ವರ್ಷ ಚಿಕ್ಕವಳು. ನನ್ನನ್ನ ಅಕ್ಕಯ್ಯ ಅನ್ನುತ್ತಿದ್ದಳು.

ಮೂರು ವರ್ಷ ಕಾಯಿ ಬಿಡದ ಮರಕ್ಕೆ ನಮ್ಮ ಕಡೆ ಮಾಡೋದು ಒಂದಿದೆ. ಶಿವರಾತ್ರಿ ಕಳೆದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಒಬ್ಬರು ಕೊಡಲಿ ಎತ್ತಿ, "ಕಡೀತೀನಿ ನಿನ್ನ" ಅನ್ನಬೇಕು. ಇನ್ನೊಬ್ಬರು ಅಡ್ಡ ಬಂದು, "ಬಿಡವ್ವ, ಈ ಸಲ ಕಾಯಿ ಬಿಡುತ್ತೆ, ನಾನು ಜಾಮೀನು" ಅನ್ನಬೇಕು. ಆಗ ಕೊಡಲಿ ಇಳಿಸಿ, ಮರಕ್ಕೆ ಅರಿಶಿನ ಕುಂಕುಮ ಇಟ್ಟು, ಹಳೇ ಚಪ್ಪಲಿ ಒಂದು, ಪೊರಕೆ ಒಂದು ಕೊಂಬೆಗೆ ಕಟ್ಟಿ ಬರೋದು. ಅವಳ ಅತ್ತೆ ಮಾಡುತ್ತಿದ್ದಳು, ಆಮೇಲೆ ಅವಳು. ಜಾಮೀನು ಯಾವಾಗಲೂ ನಾನೇ.

ಒಂದು ವರ್ಷ ನನಗೆ ಹೋಗೋದು ತಡವಾಯಿತು. ಹೋಗಿ ನೋಡಿದರೆ ಹಲಸಿನ ಮರದ ಮುಂದೆ ಕೊಡಲಿ ಎತ್ತಿಕೊಂಡು ನಿಂತೇ ಇದ್ದಾಳೆ. ತೋಳು ನಡುಗುತ್ತಾ ಇದೆ.

"ಎಲ್ಲಿ ಸತ್ತಿದ್ದೆ ಅಕ್ಕಯ್ಯ? ಬೇಗ ಹೇಳು."

"ಇಳಿಸಿ ಮತ್ತೆ ಎತ್ತಬಾರದಾಗಿತ್ತಾ?"

"ಜಾಮೀನು ಇಲ್ದೆ ಇಳಿಸಿದ್ರೆ ಮರ ನಗುತ್ತೆ. ನಾಳೆ ಇಡೀ ತೋಟ ನಗುತ್ತೆ."

ಇನ್ನೊಂದು ವರ್ಷ ನಾನು ಮಂಚೇನಹಳ್ಳಿಗೆ ಮದುವೆಗೆ ಹೋಗಿದ್ದೆ. ನಾನು ಊರಲ್ಲಿಲ್ಲ ಅನ್ನೋದು ಮರೆತು ಅವಳು ಸೀಬೆ ಮರಕ್ಕೆ ಕೊಡಲಿ ಎತ್ತಿಬಿಟ್ಟಳು. ಅಡ್ಡ ಬರೋರು ಯಾರೂ ಇರಲಿಲ್ಲ. ನಾನು ವಾಪಸ್ ಬಂದಾಗ ಮರ ತುಂಡು ತುಂಡಾಗಿ ಸೌದೆ ಗುಡ್ಡೆಯಲ್ಲಿತ್ತು. "ಎತ್ತಿದ ಮೇಲೆ ಇನ್ನೇನ್ ಮಾಡ್ಲಿ?" ಅಂದಳು. ಮೂರು ದಿನ ಊಟ ಬಿಟ್ಟಳು, ಅದೂ ನಿಜ.

ಅವಳ ಗಂಡ ನಾರಾಯಣಪ್ಪ ಆಫೀಸೊಂದರಲ್ಲಿ ಗುಮಾಸ್ತ. ಹೊರಗೆ ಬಹಳ ಮೆತ್ತಗಿನ ಮನುಷ್ಯ, ಬೀದಿ ನಾಯಿಗೂ ಬಿಸ್ಕತ್ತು ಹಾಕುತ್ತಿದ್ದ. ಮನೆಯಲ್ಲಿ ಬೆಲ್ಟು ಬಿಚ್ಚುತ್ತಿದ್ದ. ಮಕ್ಕಳಾಗಲಿಲ್ಲ ಅನ್ನೋದು ಅವನ ನೆಪ. ಮಕ್ಕಳಾಗಿದ್ದಿದ್ದರೆ ಬೇರೆ ನೆಪ ಸಿಗುತ್ತಿತ್ತು. ಅವಳ ಎಡಗಿವಿ ಕೇಳಿಸುತ್ತಿರಲಿಲ್ಲ, ಅದು ಅವನ ಕೈ. ಬಲಗಡೆ ಹುಬ್ಬು ಎರಡು ಭಾಗ ಆಗಿತ್ತು, ಅದು ಹಿತ್ತಾಳೆ ಚೊಂಬು. ಇಪ್ಪತ್ತೆಂಟು ವರ್ಷ ಗೋಡೆಯಾಚೆಯಿಂದ ನಾನು ಎಲ್ಲಾ ಕೇಳಿಸಿಕೊಂಡೆ. ಗಂಡ ಹೆಂಡತಿ ವಿಷಯ ಅಂತ ಬೀದಿಗೆ ಬೀದೀನೇ ಬಾಗಿಲು ಹಾಕಿಕೊಳ್ಳುತ್ತಿತ್ತು. ನಾನೂ ಹಾಕಿಕೊಂಡೆ.

ಅವನು ಸತ್ತ ಮೇಲೆ, ಯಾವುದೋ ಸಂಜೆ ಕಾಕಡ ಹೂವು ಬಿಡಿಸುತ್ತಾ ಕೂತಿದ್ದಾಗ ಕೇಳಿದಳು. ಮುಖ ಎತ್ತಲಿಲ್ಲ.

"ಮರಕ್ಕೆಲ್ಲಾ ಜಾಮೀನು ನಿಂತೆ. ನಾನು ಅರಚ್ಕೊಂಡಾಗ ಎಲ್ಲಿದ್ದೆ ಅಕ್ಕಯ್ಯ?"

"ಮನೇಲೇ ಇದ್ದೆ," ಅಂದೆ. ಸುಳ್ಳು ಹೇಳಿ ಏನು ಬರೋದಿತ್ತು.

ಅವಳು ಹೂವು ಬಿಡಿಸುತ್ತಲೇ ಇದ್ದಳು.

ಗಂಡ ಹೋದ ಹನ್ನೆರಡನೇ ದಿನದಿಂದ ಅವಳು ಮನೆ ಬಿಟ್ಟು ಹಿತ್ತಲಲ್ಲೇ ಬದುಕಿದಳು ಅನ್ನಬೇಕು. ಅತ್ತೆ ಕಾಲದ ಹಲಸು, ಸಪೋಟ, ನೇರಳೆ ಇದ್ದವು. ಅದರ ಕೆಳಗೆ ಕನಕಾಂಬರ, ಸುಗಂಧರಾಜ, ಐದಾರು ಬಣ್ಣದ ದಾಸವಾಳ. ನಂದಿ ಕಡೆಯಿಂದ ತಂದ ದ್ರಾಕ್ಷಿ ಬಳ್ಳಿಗೆ ಚಪ್ಪರ. ಬಾಳೆ ಗಿಡದ ನಡುವೆ ಅರಿಶಿನ. ಕೊಂಬೆ ಕತ್ತರಿಸಿದರೆ ಕನಿಕರ ಇಲ್ಲದಂಗೆ ಕತ್ತರಿಸುತ್ತಿದ್ದಳು. ಹುಳ ಕಂಡರೆ ಉಗುರಲ್ಲೇ ಅಮುಕುತ್ತಿದ್ದಳು. ಹೆಗ್ಗಣ ಒಂದನ್ನ ಸನಿಕೆಯಲ್ಲಿ ಎರಡು ತುಂಡು ಮಾಡಿ ಗುಲಾಬಿ ಬುಡಕ್ಕೇ ಹೂತಳು. ಆ ವರ್ಷ ಆ ಗಿಡ ಹೂ ಬಿಟ್ಟಂಗೆ ಯಾವ ಗಿಡಾನೂ ಬಿಡಲಿಲ್ಲ.

ಈ ತೋಟಕ್ಕೆ ಜನ ಬರೋ ಹಾಗೆ ಮಾಡಿದ್ದು ಗಾಯತ್ರಿ ಅನ್ನೋ ಹುಡುಗಿ. ಕೈವಾರದ ಕಡೆ ಕುಂಬಾರರ ಮನೆಯವಳು, ಬೊಂಬೆ ಮಾಡೋದು ಓದಿಕೊಂಡು ಬಂದಿದ್ದಳು. ಚಳಿಗಾಲದಲ್ಲಿ ಭಾನುವಾರ ಗೇಟು ತೆಗೆದಿಟ್ಟು, ಈ ಕಡೆಯ ಕಲಾವಿದರ ಕೆಲಸವನ್ನ ಗಿಡದ ನಡುವೆ ಇಟ್ಟರೆ ಜನ ಬಂದು ನೋಡ್ತಾರೆ ಅಂದಳು. ಮುನಿರತ್ನಮ್ಮ ಎರಡು ದಿನ ಯೋಚನೆ ಮಾಡಿ ಒಪ್ಪಿದಳು.

"ಬರ್ಲಿ. ಗಿಡ ಮುಟ್ಟಬಾರದು. ನನ್ ಜೊತೆ ಮಾತಾಡಬಾರದು."

ಮೊದಲನೇ ಭಾನುವಾರವೇ ಹೊಡೆದಾಟ ಆಯಿತು. ಗೌರಿಬಿದನೂರಿನ ಬಾಷಾ ಸಾಬರು ಅಂಗಡಿ ಬೋರ್ಡು ಬರೆಯುತ್ತಿದ್ದವರು. ಫ್ಲೆಕ್ಸು ಬಂದು ಆ ಕೆಲಸ ಹೋದ ಮೇಲೆ ತಗಡಿನ ಮೇಲೆ ಹಕ್ಕಿ ಬರೆಯುತ್ತಿದ್ದರು. ಒಂದು ಗಿಳಿಯ ತಗಡನ್ನ ನೇತುಹಾಕೋಕೆ ನೇರಳೆ ಮರಕ್ಕೆ ಮೊಳೆ ಹೊಡೆದರು. ಆ ಸದ್ದಿಗೆ ಇವಳು ಎಲ್ಲಿದ್ದಳೋ ಬಂದಳು. ಸಾಬರ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ಅವರ ಮಣಿಕಟ್ಟು ಹಿಡಿದು ಮರಕ್ಕೆ ಒತ್ತಿದಳು.

"ಇನ್ನೊಂದು ಮೊಳೆ ಕೊಡಪ್ಪ. ನಿನ್ ಕೈಗೂ ಹೊಡೀತೀನಿ. ನೋಯುತ್ತಾ ಇಲ್ವಾ ಹೇಳೀವಂತೆ."

ಸಾಬರು ಮುದುಕರು, ಬೆವತುಹೋದರು. ಗಾಯತ್ರಿ ಇಬ್ಬರ ನಡುವೆ ನುಗ್ಗಿದಳು. ಕೊನೆಗೆ ತಗಡನ್ನೆಲ್ಲಾ ಗೋಣಿದಾರದಲ್ಲಿ ಕಟ್ಟಿದರು. ಮಧ್ಯಾಹ್ನ ಊಟಕ್ಕೆ ಮುನಿರತ್ನಮ್ಮ ಸಾಬರನ್ನ ಕೂರಿಸಿ ಮುದ್ದೆ, ಅವರೆಕಾಳು ಹುಳಿ ಬಡಿಸಿದಳು. "ತಿನ್ನು. ಕೈ ಸರಿಯಾಗೇ ಐತಲ್ಲ," ಅಂದಳು. ಸಾಬರು ತಿಂದರು. ಆಮೇಲೆ ಅವಳ ಮೇಲೆ ಒಂದು ಮಾತು ಯಾರು ಆಡಿದರೂ ಅವರು ಸುಮ್ಮನಿರುತ್ತಿರಲಿಲ್ಲ.

ಚಿಕ್ಕಬಳ್ಳಾಪುರದಿಂದ, ಬೆಂಗಳೂರಿನಿಂದ ಜನ ಬಂದರು. ಕನ್ನಡಕ ಹಾಕಿದ ಹೆಂಗಸೊಬ್ಬಳು ಹಲಸಿನ ಮರಕ್ಕೆ ಕಟ್ಟಿದ್ದ ಚಪ್ಪಲಿ, ಪೊರಕೆ ನೋಡಿ ನಿಂತುಬಿಟ್ಟಳು. ನಾಲ್ಕು ಕಡೆಯಿಂದ ಫೋಟೋ ತೆಗೆದು, "ಇದನ್ನ ಮಾಡಿದ ಕಲಾವಿದರು ಯಾರು?" ಅಂತ ಕೇಳಿದಳು.

"ನಾನೇ ಕಣಮ್ಮ," ಅಂದಳು ಮುನಿರತ್ನಮ್ಮ. "ಅದು ಬಲಗಾಲಿಂದು. ಎಡಗಾಲಿಂದು ಕಾಲಲ್ಲೈತೆ."

ಎರಡನೇ ವರ್ಷ ಗಾಯತ್ರಿ ಹಿಂದಿನ ಗೋಡೆ ಮೇಲೆ, ತಗಡಿನ ಸೂರಿನ ಕೆಳಗೆ, ಹಸಿ ಮಣ್ಣಿಗೆ ಹುಲ್ಲು ಕಲಸಿ ಒಬ್ಬ ಹೆಂಗಸನ್ನ ಮಾಡಿದಳು. ಆಳೆತ್ತರ. ಎಡಗಿವಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾಳೆ. ಬಲಹುಬ್ಬು ಸೀಳಿದೆ. ಕಾಲ ಹತ್ತಿರ ಒಂದು ಚೊಂಬು, ಹಾವಿನ ಥರ ಸುತ್ತಿದ ಬೆಲ್ಟು. ಈ ಹುಡುಗಿಗೆ ಮುನಿರತ್ನಮ್ಮ ಎಲ್ಲಾ ಹೇಳಿದ್ದಳು. ನನಗೇ ಹೇಳದೇ ಇದ್ದದ್ದನ್ನೂ ಹೇಳಿದ್ದಳು.

ಮಾಡಿ ಮುಗಿದ ದಿನ ಅವಳು ಅದರ ಮುಂದೆ ಬಹಳ ಹೊತ್ತು ನಿಂತಳು.

"ಮೂಗು ಇಷ್ಟು ದಪ್ಪ ಇಲ್ಲ ನಂದು."

"ತಿದ್ದಲಾ ಅಮ್ಮ?" ಅಂದಳು ಗಾಯತ್ರಿ.

"ಬ್ಯಾಡ. ಇರ್ಲಿ. ಇದೊಂದು ಇಲ್ಲೇ ಇರ್ಬೇಕು. ನಾನು ಸತ್ರೂ."

ಯಾವುದನ್ನೇ ಆಗಲಿ ಇರಬೇಕು ಅಂತ ಅವಳು ಹೇಳಿದ್ದು ನಾನು ಅಲ್ಲಿವರೆಗೂ ಕೇಳಿರಲಿಲ್ಲ.

ನೋಡಿದವರಿಗೆ ಯಾರಿಗೂ ಅರ್ಥ ಆಗದೇ ಇರಲಿಲ್ಲ. ಸುದ್ದಿ ಚಿಂತಾಮಣಿಗೆ ಹೋಯಿತು. ಅಲ್ಲಿ ನಾರಾಯಣಪ್ಪನ ತಮ್ಮ ಕೃಷ್ಣಪ್ಪ ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದಾನೆ. ಅಂಗಡಿಯಲ್ಲಿ ಅಣ್ಣನ ಫೋಟೋಗೆ ದಿನಾ ಹಾರ ಹಾಕುತ್ತಾನೆ. ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಬಂದ. ಕೈಯಲ್ಲಿ ಹಾರೆ ಇತ್ತು. ತೋಟದಲ್ಲಿ ಮೂವತ್ತು ಜನ ಇದ್ದರು. ಅವನು ಯಾರನ್ನೂ ನೋಡದೆ ನೇರ ಹಿಂದಿನ ಗೋಡೆ ಹತ್ತಿರ ಹೋದ.

"ಅತ್ತಿಗೆ, ಸತ್ತೋನ ಮರ್ಯಾದೆ ಊರಿಗೆಲ್ಲಾ ಹಂಚ್ತಿದ್ದೀಯಾ? ಅಣ್ಣ ಹಾಕಿದ ಅನ್ನ ತಿಂದು?"

"ಅನ್ನಾನೂ ಹಾಕಿದ. ಇದನ್ನೂ ಹಾಕಿದ," ಅಂತ ಹುಬ್ಬು ತೋರಿಸಿದಳು. "ಅನ್ನ ಹೊಟ್ಟೇಲಿ ಹೋಯ್ತು. ಇದು ಉಳೀತು."

"ಈಗ ಒಡೆಸ್ತೀಯೋ, ನಾನೇ ಒಡೀಲೋ?"

"ಮುಟ್ಟಬ್ಯಾಡ ಕೃಷ್ಣಪ್ಪ."

ಅವನು ಹಾರೆ ಬೀಸಿದ. ಮೊದಲು ಬೆಲ್ಟು ಹೋಯಿತು. ಎರಡನೇ ಏಟಿಗೆ ಹೆಂಗಸಿನ ಮೊಳಕಾಲು ಒಡೆದು ಮಣ್ಣು ಉದುರಿತು. ತಡೆಯೋಕೆ ಹೋದ ಗಾಯತ್ರಿಯನ್ನ ಮೊಳಕೈಯಲ್ಲಿ ತಳ್ಳಿದ. ಅವಳು ಕಲ್ಲಿನ ಅಂಚಿಗೆ ಬಿದ್ದು ತುಟಿ ಹರಿದುಕೊಂಡಳು. ಬಾಷಾ ಸಾಬರು ಅವನ ಅಂಗಿ ಹಿಡಿದರು, ಅವರಿಗೂ ಒಂದು ಬಿತ್ತು. ಬಂದ ಜನ ಗೇಟಿನ ಕಡೆ ಸರಿದರು. ಫೋನು ಮಾತ್ರ ಎತ್ತಿ ಹಿಡಿದಿದ್ದರು.

ಕೃಷ್ಣಪ್ಪ ಎಡಗೈಯನ್ನ ಮಣ್ಣಿನ ಮುಖದ ಮೇಲೆ ಊರಿ, ಕುತ್ತಿಗೆಗೆ ಹಾರೆ ಹಾಕಿ ಮೀಟೋಕೆ ನೋಡಿದ. ಆಗ ತಲೆ ತಿರುಗಿಸಿದ. ಮುನಿರತ್ನಮ್ಮ ಪಕ್ಕದಲ್ಲಿ ಕೊಡಲಿ ಎತ್ತಿ ನಿಂತಿದ್ದಳು.

ಅವನಿಗೆ ನಗು ಬಂತು. ಅದೇ ಮನೆಯಲ್ಲಿ ಹುಟ್ಟಿದವನು, ಅವನ ಅಮ್ಮ ಹಂಗೇ ಎಷ್ಟೋ ಸಲ ಎತ್ತಿದ್ದನ್ನ ಕಂಡಿದ್ದಾನೆ. ಎತ್ತೋದು ಹೆದರಿಸೋಕೆ, ಆಮೇಲೆ ಇಳಿಸ್ತಾರೆ ಅನ್ನೋದೇ ಅವನ ತಲೆಯಲ್ಲಿ. ಕೈ ತೆಗೆಯಲಿಲ್ಲ. ನನ್ನ ಕಡೆ ನೋಡಿದ.

"ವೆಂಕಟಮ್ಮಕ್ಕ, ಜಾಮೀನು ಹೇಳವ್ವ. ಪಾಪ ತೋಳು ನೋಯುತ್ತೆ ಅತ್ತಿಗೆಗೆ."

ಮುನಿರತ್ನಮ್ಮನೂ ನನ್ನ ಕಡೆ ನೋಡಿದಳು. ನಾನು ಮಜ್ಜಿಗೆ ಲೋಟದ ತಟ್ಟೆ ಹಿಡಿದು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಹೇಳೋಕೆ ಬೇಕಾದಷ್ಟು ಹೊತ್ತಿತ್ತು. ಹೇಳಿದ್ದರೆ ಅವಳು ಇಳಿಸುತ್ತಿದ್ದಳು, ಅದು ನನಗೆ ಗೊತ್ತು. ನಾನು ಬಾಯಿ ಬಿಡಲಿಲ್ಲ.

ಕೊಡಲಿ ಬಂತು. ಎರಡು ಬೆರಳು ಮಣ್ಣಿನ ಕೆನ್ನೆ ಮೇಲೇ ಒಂದು ಗಳಿಗೆ ಅಂಟಿಕೊಂಡಿದ್ದು ಆಮೇಲೆ ಕೆಳಗೆ ಬಿದ್ದವು. ಕೊಡಲಿ ಬಾಯಿ ಮಣ್ಣಿನೊಳಗೆ ಸಿಕ್ಕಿಕೊಂಡಿತು. ರಕ್ತ ಮಣ್ಣಿನ ಹುಬ್ಬಿನ ಸೀಳಲ್ಲಿ ಇಳಿದು ಗದ್ದದವರೆಗೂ ಬಂತು. ಕೃಷ್ಣಪ್ಪ ಮೊದಲು ಅರಚಲಿಲ್ಲ, ಕೈಯನ್ನೇ ನೋಡುತ್ತಿದ್ದ. ಆಮೇಲೆ ಅರಚಿದ. ಯಾರೋ ವಾಂತಿ ಮಾಡಿಕೊಂಡರು. ಒದೆ ತಿಂದಿದ್ದ ಬಾಷಾ ಸಾಬರೇ ಹೆಗಲ ಮೇಲಿನ ಟವೆಲು ಬಿಗಿದು ಕಟ್ಟಿ, ಬೆರಳುಗಳನ್ನ ಬಾಳೆ ಎಲೆಯಲ್ಲಿ ಸುತ್ತಿ, ಬಂದವರ ಕಾರಿಗೆ ಅವನನ್ನ ಹತ್ತಿಸಿದರು. ಆಸ್ಪತ್ರೆಯಲ್ಲಿ ಬೆರಳು ಕೂಡಲಿಲ್ಲ.

ಮುನಿರತ್ನಮ್ಮ ಕೊಡಲಿ ಕಿತ್ತು, ನಲ್ಲಿ ಹತ್ತಿರ ತೊಳೆದು, ಒರೆಸಿ, ಮೂಲೆಗಿಟ್ಟಳು. "ಆ ಹುಡುಗಿ ತುಟಿಗೆ ಅರಿಶಿನ ಹಚ್ಚು ಅಕ್ಕಯ್ಯ," ಅಂದಳು. ಪೊಲೀಸರು ಬರುವವರೆಗೆ ಒಡೆದ ಮೊಳಕಾಲಿಗೆ ಮಣ್ಣು ಮೆತ್ತುತ್ತಾ ಕೂತಿದ್ದಳು.

ಅವಳ ವಕೀಲರು ನನಗೆ, ಕೊಡಲಿ ಕೈಜಾರಿತು ಅಂತ ಹೇಳಿಕೆ ಕೊಡಿ ಅಂದರು. ಅವಳಿಗೆ ಗೊತ್ತಾಗಿ ಬೈದಳು. "ಜಾರಿತು ಅಂದ್ರೆ ನಾನೇನು ಕೈಲಾಗದೋಳಾ? ಬೀಸಿದ್ಲು ಅನ್ನು." ನಾನು ಹಂಗೇ ಹೇಳಿದೆ. ನನಗೆ ತಡೆಯೋಕೆ ಆಗ್ತಿತ್ತು, ತಡೀಲಿಲ್ಲ ಅಂತಾನೂ ಹೇಳಿದೆ. ಅದನ್ನ ಪೊಲೀಸರು ಬರೆದುಕೊಳ್ಳಲಿಲ್ಲ.

ವಯಸ್ಸು ನೋಡಿ ಇಪ್ಪತ್ತು ದಿನಕ್ಕೆ ಜೈಲಿಂದ ಬಿಟ್ಟರು. ಬಂದವಳೇ ಭಾನುವಾರ ಗೇಟು ತೆಗೆದಳು. ಜನ ಮುಂಚಿಗಿಂತ ಜಾಸ್ತಿ ಬಂದರು. ಹೂವು ಯಾರಿಗೂ ಬೇಕಾಗಿರಲಿಲ್ಲ, ಕೊಡಲಿ ಎಲ್ಲಿ ಅಂತ ಕೇಳುತ್ತಿದ್ದರು. ಒಬ್ಬ, ಅಜ್ಜಿ ಒಂದ್ಸಲ ಎತ್ತಿ ನಿಲ್ಲಿ, ಫೋಟೋ ತಗೋತೀನಿ ಅಂದ. ಅವನನ್ನ ಗೇಟಿನಾಚೆ ರಸ್ತೆವರೆಗೂ ಹೊಡೆದುಕೊಂಡು ಹೋಗಿ ಬೀಗ ಹಾಕಿದಳು. ಆಮೇಲೆ ತೆಗೆಯಲಿಲ್ಲ.

ಮಳೆಗಾಲಕ್ಕೆ ಕಾಮಾಲೆ ಬಂತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಕೊನೇ ಸಲ ನೋಡಿದ್ದು. ಕಣ್ಣು ಅರಿಶಿನ ಆಗಿತ್ತು. ದ್ರಾಕ್ಷಿ ಬಳ್ಳಿ ಸವರಿದೆಯಾ ಅಂತ ಕೇಳಿದಳು. ಇಲ್ಲ ಅಂದೆ. ಸೋಮಾರಿ ಅಂದಳು. ಅದಾದ ಮೇಲೆ ಕೇಳಿದಳು.

"ಅವತ್ತು ಯಾಕೆ ಸುಮ್ನಿದ್ದೆ? ಹೆದರ್ಕೊಂಡಾ?"

"ಇಲ್ಲ. ಬೇಕು ಅಂತಾನೇ."

"ಹೂಂ," ಅಂದಳು. ಆಮೇಲೆ, "ಮಣ್ಣು ಹಾಕಾಕೆ ಅವನೇ ಬರ್ಬೇಕು, ಬೇರೆ ಯಾರವ್ರೆ? ಬರ್ಲಿ. ಇರೋ ಬೆರಳಲ್ಲಿ ಹಾಕ್ಲಿ," ಅಂತ ಗೋಡೆ ಕಡೆ ಹೊರಳಿದಳು.

ಕೃಷ್ಣಪ್ಪ ಬಂದ. ಮೂರು ಹಿಡಿ ಮಣ್ಣು ಹಾಕಿದ. ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ತೋಟಕ್ಕೆ ಬಂದು, ಸೂರಿನ ಮೂಲೆಯಲ್ಲಿದ್ದ ಸನಿಕೆ ತಗೊಂಡ. ಮಣ್ಣಿನ ಹೆಂಗಸಿನ ಮುಖದ ಮೇಲೆ ಕಪ್ಪಗೆ ಕಲೆ ಹಾಗೇ ಇತ್ತು. ನಾನು ಅದರ ಮುಂದೆ ಹೋಗಿ ನೆಲದ ಮೇಲೆ ಕೂತೆ.

"ಏಳವ್ವ," ಅಂದ.

"ಏಳಲ್ಲ."

"ಸತ್ತೋದ್ಲಲ್ಲ, ಇನ್ನೇನಿದೆ? ನಮ್ಮನೆ ವಿಷಯಕ್ಕೆ ನೀನ್ಯಾರು?"

"ಪಕ್ಕದ ಮನೆಯೋಳು," ಅಂದೆ.

ಅವನು ಸನಿಕೆ ಹಿಡಿದು ಸುಮಾರು ಹೊತ್ತು ನಿಂತಿದ್ದ. ಅದನ್ನ ಬಿಸಾಕಿ ಹೋಗೋವರೆಗೂ ನಾನು ಏಳಲಿಲ್ಲ.