ಎರಡನೆಯ ಕಿವಿಯ ದರ

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಾಶೀಂಸಾಬನ ರೇಡಿಯೊ ರಿಪೇರಿ ಅಂಗಡಿ ಇತ್ತು. ಅಂಗಡಿಯ ಹಿಂದೆಯೇ ಮನೆ. ನಾನು ಅಸೂಟಿ ಶಾಲೆಯ ಮಾಸ್ತರ, ಅರ್ಧ ಸಂಬಳ ಕ್ಯಾಸೆಟ್ಟಿಗೆ ಸುರಿದವನೆಂದು ಮನೆಯಲ್ಲಿ ಇಂದಿಗೂ ಬೈಸಿಕೊಳ್ಳುತ್ತೇನೆ. ನನ್ನಂಥ ಇನ್ನೊಬ್ಬ ಹುಚ್ಚ ಕುರಿ ವ್ಯಾಪಾರಿ ಪ್ರಭುಲಿಂಗಪ್ಪ. ರವಿವಾರ ಮಧ್ಯಾಹ್ನ ಇಬ್ಬರೂ ಆ ಅಂಗಡಿಯ ಬಾಕಿನ ಮೇಲೆ ಕೂತು ಹಾಡು ಕೇಳುತ್ತಿದ್ದೆವು.

ಕಾಶೀಂಸಾಬನ ಹೆಂಡತಿ ಮದರಬಿಗೆ ಎರಡೂ ಕಿವಿ ಮಂದ. ಅವನು ಒಂದು ಕಿವಿಗೆ ಮಷಿನ್ ಹಾಕಿಸಿದ್ದ. ಅದರ ತುದಿ ಸರಿಯಾಗಿ ಕೂರದೆ ಯಾವಾಗಲೂ ಸಿಳ್ಳೆ ಹೊಡೆಯುತ್ತಿತ್ತು. ಆ ಸಿಳ್ಳೆ ತಾಳಲಾರದೆ ಅವನು ಹುಬ್ಬಳ್ಳಿಗೆ ಹೋಗಿ, ಕಿವಿಯೊಳಗೆ ಮೆತ್ತನೆಯ ಹಿಟ್ಟು ತುಂಬಿ ಅಚ್ಚು ತೆಗೆಯುವುದನ್ನು ನೋಡಿ ಕಲಿತು ಬಂದ. ಅವಳ ಕಿವಿಗೆ ಸರಿಹೊಂದುವ ತುದಿಯನ್ನು ತಾನೇ ಮಾಡಿದ. ಆಮೇಲೆ ರಾಜೂರ, ಲಕ್ಕಲಕಟ್ಟಿಯ ಹಿರಿಯರೂ ಹುಡುಕಿಕೊಂಡು ಬರತೊಡಗಿದರು. ಒಂದು ಅಚ್ಚಿಗೆ ಇನ್ನೂರು ರೂಪಾಯಿ.

ಆದರೆ ಒಂದೇ ಕಿವಿಯಲ್ಲಿ ಕೇಳುವವರಿಗೆ ಸದ್ದು ಯಾವ ಕಡೆಯದೆಂದು ತಿಳಿಯುವುದಿಲ್ಲ. ಅಂಗಡಿಯಿಂದ ಕರೆದರೆ ಮದರಬಿ ಹಿತ್ತಲ ಕಡೆ ನೋಡುತ್ತಿದ್ದಳು. ಮಂದಿ ನಗುತ್ತಿದ್ದರು, ಅವಳೂ ನಕ್ಕಂತೆ ಮಾಡುತ್ತಿದ್ದಳು. ಇನ್ನೊಂದು ಮಷಿನ್ನಿಗೆ ನಾಲ್ಕು ಸಾವಿರ ಬೇಕಿತ್ತು.

ಅದು ಎರಡು ಸಾವಿರದ ಆರನೆಯ ಇಸವಿ. ಪ್ರಭುಲಿಂಗಪ್ಪ ಹುಬ್ಬಳ್ಳಿಯ ಗೆಳೆಯನಿಂದ ಒಂದು ಇಂಗ್ಲಿಷ್ ಹಾಳೆ ತಂದ. ಹೊರದೇಶದಲ್ಲಿ ಕಿವಿಯ ಅಳತೆ ತೆಗೆದೇ ಇಯರ್‌ಫೋನ್ ಮಾಡಿಕೊಡುತ್ತಾರಂತೆ, ಜೋಡಿಗೆ ನಲವತ್ತು ಸಾವಿರವಂತೆ. ಬೆಲೆ ಏರಿದಷ್ಟೂ ತಂಬೂರಿ ಸ್ಪಷ್ಟವಾಗುತ್ತದೆಂದು ಹಾಡಿನ ಹುಚ್ಚರ ನಂಬಿಕೆ. ನಾನೂ ನಂಬಿದ್ದೆ, ಕೊಳ್ಳಲಾಗದವನಿಗೆ ನಂಬಲು ಏನೂ ಖರ್ಚಿಲ್ಲ.

ಕಾಶೀಂಸಾಬ ಹಾಳೆಯಲ್ಲಿದ್ದ ಚಿತ್ರವನ್ನು ಬಹಳ ಹೊತ್ತು ನೋಡಿದ.

“ಒಳಗಿನ ಸಣ್ಣ ಸ್ಪೀಕರ ನಮ್ಮ ಮದರಬಿ ಮಷಿನ್ಯಾಗ ಇರೂದ ಐತ್ರಿ. ಅಚ್ಚ ತಗಿಯಾಕ ನನಗ ಬರ್ತೈತಿ. ನಾ ಮಾಡತೇನಿ, ಸಾಹುಕಾರ್ರ.”

ದರ ಮಾತ್ರ ಬಾಯಲ್ಲಿ ಹೇಳುವಂತಿರಲಿಲ್ಲ. ಪ್ರಭುಲಿಂಗಪ್ಪನ ಹೆಂಡತಿ ಕಳಕವ್ವನಿಗೆ ಸುದ್ದಿ ಮುಟ್ಟಿಸಲು ಓಣಿಯ ಗೋಡೆಗಳೇ ಸಾಕು. ಹಾಗಾಗಿ ಅವನು ದನದ ಸಂತೆಯ ರೂಢಿಯಂತೆ ಹೆಗಲ ವಲ್ಲಿಯನ್ನು ಕಾಶೀಂಸಾಬನ ಕೈಮೇಲೆ ಹರವಿ, ಕೆಳಗೆ ಅವನ ಬೆರಳು ಹಿಡಿದು ದರ ತಿಳಿಸಿದ. ಕುರಿಮರಿಗೆ ಹಿಡಿದರೆ ಒಂದು ಬೆರಳು ಒಂದು ನೂರು, ಎತ್ತಿಗೆ ಹಿಡಿದರೆ ಒಂದು ಸಾವಿರ. ಯಾವ ಲೆಕ್ಕವೆಂದು ಎದುರಿಗೆ ನಿಂತ ಪ್ರಾಣಿಯೇ ಹೇಳುತ್ತದೆ. ಕೈ ಒಪ್ಪಿದ ಮೇಲೆ ಬಾಯಿಬಿಟ್ಟು ಕೇಳುವುದು ಮರ್ಯಾದೆಯಲ್ಲ.

ಪ್ರಭುಲಿಂಗಪ್ಪ ಹೋದ ಮೇಲೆ ಕಾಶೀಂಸಾಬ ನನ್ನ ಹತ್ತಿರ ಸರಿದು ಕೂತ.

“ನಾಕ ಬೆರಳ ಹಿಡದ್ರು, ಮಾಸ್ತರ. ಮದರಬಿಗೆ ಎರಡನೇ ಕಿವಿ ಬಂತು.”

ಅವಳಿಗೂ ಹೇಳಿಬಿಟ್ಟ. ತಿಂಗಳಿಡೀ ದುಡಿದ. ಕೈಯಿಂದ ಹಣ ಹಾಕಿ ಹುಬ್ಬಳ್ಳಿಯಿಂದ ಸ್ಪೀಕರ್ ತಂದ. ಅಚ್ಚನ್ನು ಉಜ್ಜಿ ಉಜ್ಜಿ ಮೂರು ಸಲ ಕೆಡಿಸಿ ಮತ್ತೆ ಮಾಡಿದ.

ಕೊಡುವ ರವಿವಾರ ಪ್ರಭುಲಿಂಗಪ್ಪ ಎರಡನ್ನೂ ಕಿವಿಗೆ ಹಾಕಿಕೊಂಡು ಅರ್ಧ ತಾಸು ಕಣ್ಣು ಮುಚ್ಚಿ ಕೂತ. ಕಣ್ಣು ತೆರೆದಾಗ ಅವು ತೇವವಾಗಿದ್ದವು. ಆಮೇಲೆ ಅಂಗಿಯ ಕಿಸೆಯಿಂದ ನೂರರ ನಾಲ್ಕು ನೋಟು ತೆಗೆದು ಮೇಜಿನ ಮೇಲಿಟ್ಟ.

“ಒಂದ ಅಚ್ಚಿಗೆ ಎರಡನೂರು, ಎರಡ ಅಚ್ಚಿಗೆ ನಾಕನೂರು. ಭಾಳ ಚಲೋ ಮಾಡೀದಿ.”

ಚಹಾ ತಂದಿದ್ದ ಮದರಬಿ ನೋಟುಗಳನ್ನು ನೋಡಿದಳು, ಗಂಡನ ಮುಖ ನೋಡಿದಳು, ಕಪ್ಪು ಇಟ್ಟು ಒಳಗೆ ಹೋದಳು. ನನಗೆ ಮೈ ಉರಿಯಿತು. ಪ್ರಭುಲಿಂಗಪ್ಪ ಮೋಸಗಾರನಲ್ಲ, ದಿನವೂ ಮರಿ ಮಾರುವ ಕೈ ಮರಿಯ ಲೆಕ್ಕವನ್ನೇ ಹಿಡಿದಿತ್ತು. ಅದು ಗೊತ್ತಿದ್ದೂ ಸಿಟ್ಟು ಇಳಿಯಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಶೀಂಸಾಬ ನನ್ನ ಮೊಣಕಾಲು ಅದುಮಿದ.

“ಸಾಹುಕಾರ್ರ, ಒಂದ ಕಿವೀದು ತಗದ ಕೇಳ್ರಿ.”

ಪ್ರಭುಲಿಂಗಪ್ಪ ಎಡಗಿವಿಯದನ್ನು ತೆಗೆದ.

“ತಬಲಾ ಎಲ್ಲಿ ಹೋತೋ? ಯಾರ ಎಲ್ಲಿ ಕುಂತಾರ, ಏನೂ ತಿಳಿವಲ್ದು.”

“ನಮ್ಮ ಮದರಬಿಗೆ ದಿನಾ ಹಿಂಗ ಕೇಳತೈತ್ರಿ. ನೀವು ನಾಕ ಹಿಡದಾಗ ಆಕಿ ಎರಡನೇ ಮಷಿನ್ ಬಂತು ಅಂದ್ಕೊಂಡೆ. ತಪ್ಪು ನಂದ. ನೀವು ಮರಿ ಹಿಡದಿದ್ರಿ, ನಾ ಎತ್ತ ಹಿಡದಿದ್ದೆ.”

ಪ್ರಭುಲಿಂಗಪ್ಪ ನಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಒಂದೇ ಕಿವಿಯಲ್ಲಿ ಕೇಳಿದ. ಬಳಿಕ ವಲ್ಲಿ ತೆಗೆದು ಮತ್ತೆ ಅವನ ಕೈಮೇಲೆ ಹರವಿದ. ಎಷ್ಟು ಬೆರಳು ಹಿಡಿದನೆಂದು ನಾನು ಕೇಳಲಿಲ್ಲ. ಕಾಶೀಂಸಾಬ ತಲೆ ತಗ್ಗಿಸಿ ಕೂತಿದ್ದ.

ಹದಿನೈದು ದಿನ ಬಿಟ್ಟು ನಾನು ಹೋದಾಗ ಮದರಬಿ ನಡುಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ಕಾಶೀಂಸಾಬ ನನಗೆ ಸುಮ್ಮನಿರಲು ಸನ್ನೆ ಮಾಡಿ, ಮೆಲ್ಲಗೆ ಅವಳ ಹೆಸರು ಕರೆದ.

“ಬಾಗಲದಾಗ ಅದೀರಿ,” ಅಂದಳು, ತಿರುಗದೆಯೇ.

ಅವನು ಚಪ್ಪಲಿ ಬಿಟ್ಟು ಸದ್ದಿಲ್ಲದೆ ಒಳಗೆ ಹೋಗಿ ಮತ್ತೆ ಕರೆದ.

“ಈಗ ಒಲಿ ಹತ್ರ.”

ಅವನು ಮತ್ತೆ ಜಾಗ ಬದಲಿಸಿದ. ಆ ದಿನ ಹಾಡು ಕೇಳುವುದು ಬೇಡವೆನಿಸಿ ನಾನು ಬಸ್ ನಿಲ್ದಾಣದ ಕಡೆ ನಡೆದೆ.