ಮೊಂತಿ ಹಬ್ಬಕ್ಕೆ ಏಳನೆಯ ತರಕಾರಿ

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಮನೆಯಲ್ಲಿ ಬಂಗುಡೆ ಕೊಯ್ಯುತ್ತಿದ್ದೆ. ಗಂಡನ ಫೋನ್ ಬಂತು. ಕೈಯೆಲ್ಲ ಮೀನು, ಮಗಳು ಫೋನನ್ನು ನನ್ನ ಕಿವಿಗೆ ಹಿಡಿದಳು.

"ಆಫೀಸಿನವರು ಒಂದು ವರ್ಷಕ್ಕೆ ಫ್ರಾನ್ಸಿಗೆ ಕಳಿಸ್ತಾರೆ. ಲಿಯೋನ್ ಅಂತ ಊರು. ಮೂವರೂ ಹೋಗುವುದು."

"ನನ್ನನ್ನು ಕೇಳಿ ಒಪ್ಪಿಕೊಂಡ್ರಾ?"

"ಈಗ ಕೇಳ್ತಾ ಇದ್ದೇನಲ್ಲ ಮಾರಾಯ್ತಿ!"

ಅದು ಕೇಳಿದ್ದಲ್ಲ, ತಿಳಿಸಿದ್ದು. ಆ ಸಂಜೆ ಜಪಮಾಲೆ ಹಿಡಿದು ತೇರ್ಸ ಹೇಳುವಾಗ ಹೋಗುವುದು ತಪ್ಪಲಿ ಎಂದು ನಾನು ಬೇಡಲಿಲ್ಲ. ಇಗರ್ಜಿಯೊಂದು ನಡೆದು ಹೋಗುವಷ್ಟು ಹತ್ತಿರ ಇರಲಿ ಎಂದಷ್ಟೇ ಬೇಡಿದೆ.

ಇತ್ತು. ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ದೇವರು ದೊಡ್ಡವನು. ಆದರೆ ಉಳಿದದ್ದೆಲ್ಲ ಹೊಸದು. ಬಂದ ದಿನವೇ ಮೂರು ಗಂಟೆಗೆ ಹಸಿದು ಹೋಟೆಲಿಗೆ ಹೋದರೆ, ಅಡುಗೆ ಮನೆ ಮುಚ್ಚಿದೆ, ಸಂಜೆ ಏಳಕ್ಕೆ ಬನ್ನಿ ಎಂದರು. ಕುರ್ಚಿ ಖಾಲಿ, ಕೆಲಸದ ಜನ ಇದ್ದಾರೆ, ಊಟ ಮಾತ್ರ ಇಲ್ಲ! ಅಬುಧಾಬಿಯಲ್ಲಿ ನಡುರಾತ್ರಿ ಪರೋಟ ಕೇಳಿದರೂ ಕೊಡುತ್ತಿದ್ದರು. ಬೆಂಚಿನಲ್ಲಿ ಕೂತು ಬ್ರೆಡ್ಡು, ಬಾಳೆಹಣ್ಣು ತಿಂದೆವು. ಬ್ರೆಡ್ಡು ಬಿಸಿಯಾಗಿತ್ತು, ಅದನ್ನೂ ಹೇಳಬೇಕು.

ಮರುದಿನ ಸಂತೆಗೆ ಹೋದೆ. ಬೀನ್ಸ್ ರಾಶಿ ಕಂಡದ್ದೇ ಒಂದನ್ನು ಎತ್ತಿ ಟಕ್ ಅಂತ ಮುರಿದೆ. ನಮ್ಮ ಕಡೆಯ ಯಾವ ಹೆಂಗಸು ಮುರಿಯುವುದಿಲ್ಲ? ಎಳೆಯದೋ ಬಲಿತದ್ದೋ ಮುರಿಯದೆ ತಿಳಿಯುವುದು ಹೇಗೆ? ಅಬುಧಾಬಿಯಲ್ಲಿ ತರಕಾರಿ ಅಂಗಡಿಯವನೇ "ನೋಡಿ ಚೇಚಿ" ಅಂತ ಬೆಂಡೆಯ ತುದಿ ಮುರಿದು ತೋರಿಸುತ್ತಿದ್ದ. ಇಲ್ಲಿ ಅಂಗಡಿಯ ಹೆಂಗಸು ಕೂಗಿಕೊಂಡು ಬುಟ್ಟಿಯನ್ನೇ ಹಿಂದಕ್ಕೆಳೆದಳು. ಪಕ್ಕದಲ್ಲಿದ್ದವರೊಬ್ಬರು ಇಂಗ್ಲಿಷಿನಲ್ಲಿ ತಿಳಿಸಿದರು, ಮುಟ್ಟಬಾರದಂತೆ, ಅವಳೇ ಆರಿಸಿ ಕೊಡುವುದಂತೆ. ಮೊದಲು ಬೋಂಜೂರ್ ಅಂತ ನಮಸ್ಕಾರ ಹೇಳದೆ ಕೈ ಹಾಕಿದ್ದಕ್ಕೆ ಇನ್ನೂ ಸಿಟ್ಟು. ಜನ ತಿರುಗಿ ನೋಡಿದರು. ಮಗಳು "ಮಮ್ಮೀ, ಪ್ಲೀಸ್!" ಎಂದು ಮಾರು ದೂರ ನಿಂತಳು.

ನಾನು ಸಾರಿ ಹೇಳಲಿಲ್ಲ. ಕದ್ದಿರಲಿಲ್ಲವಲ್ಲ.

ಸೆಪ್ಟೆಂಬರ್ ಬಂತು, ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮ್ಮ ಮೊಂತಿ ಹಬ್ಬ. ಅಂದು ಮೀನು ಮಾಂಸ ಇಲ್ಲ, ಬರೀ ತರಕಾರಿ, ಅದೂ ಬೆಸ ಲೆಕ್ಕದಲ್ಲಿ. ನನ್ನ ತಾಯಿಮನೆಯಲ್ಲಿ ಏಳಕ್ಕೆ ಕಡಿಮೆ ಆದದ್ದಿಲ್ಲ. ಲಿಯೋನಿನಲ್ಲಿ ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತರುವ ಹೊಸ ತೆನೆ ಇಲ್ಲ, ಬಾಳೆಲೆ ಇಲ್ಲ, ಕೆಸುವಿನ ದಂಟು ಇಲ್ಲ. ಏಳು ತರಕಾರಿಯಾದರೂ ಇರಲಿ ಎಂದು ಹಿಂದಿನ ದಿನ ಗಂಡ, ಮಗಳನ್ನು ಕರೆದುಕೊಂಡು ಸಂತೆ ಸುತ್ತಿದೆ. ಸಿಹಿಗುಂಬಳ, ಬದನೆ, ಸೌತೆ, ಎಲೆಕೋಸು, ಬೀಟ್ರೂಟ್, ಪಾಲಕ್. ಆರಕ್ಕೆ ನಿಂತಿತು. ಹೊತ್ತು ಮಧ್ಯಾಹ್ನ, ಅಂಗಡಿಗಳನ್ನು ಮಡಚುತ್ತಿದ್ದರು. ಬೇರೆ ತರಕಾರಿ ಉಳಿದಿದ್ದದ್ದು ಆ ಬೀನ್ಸ್ ಹೆಂಗಸಿನ ಹತ್ತಿರ ಮಾತ್ರ.

"ಒಂದು ಬಿಡು. ಐದಾಯ್ತು, ಅದೂ ಬೆಸವೇ. ಖಲಾಸ್," ಎಂದರು ಗಂಡ.

"ಈ ವರ್ಷ ತರಕಾರಿ ಬಿಟ್ಟರೆ ಬರುವ ವರ್ಷ ಹಬ್ಬವನ್ನೇ ಬಿಡ್ತೀರಿ ನೀವು."

"ಹಾಗಾದ್ರೆ ಡಬ್ಬಿಯಲ್ಲಿ ಬಟಾಣಿ ಸಿಗ್ತದೆ."

"ಮರಿಯಮ್ಮನ ಹುಟ್ಟುಹಬ್ಬಕ್ಕೆ ಡಬ್ಬಿಯದ್ದಾ? ನಿಮ್ಮ ಹುಟ್ಟುಹಬ್ಬಕ್ಕೆ ಇಡ್ತೇನೆ, ಬೇಕಾದ್ರೆ."

ಮಗಳು ನಕ್ಕಳು, ಆದರೆ ಅಪ್ಪನ ಪಕ್ಕದಿಂದ ಕದಲಲಿಲ್ಲ. ಅವಳಿಗಾಗಿಯೇ ನನಗೆ ಇಷ್ಟು ಹಟ. ಹಬ್ಬ ಅಂದರೆ ಅನುಕೂಲ ಇದ್ದಲ್ಲಿ ಮಾಡುವ ಕೆಲಸ ಎಂದು ಅವಳು ಕಲಿತರೆ, ಆಮೇಲೆ ನಾನು ಏನು ಹೇಳಿದರೂ ನಾಟುವುದಿಲ್ಲ.

ಒಬ್ಬಳೇ ಹೋದೆ. "ಬೋಂಜೂರ್ ಮದಾಮ್," ಎಂದೆ, ಗಟ್ಟಿಯಾಗಿ. ಅವಳಿಗೆ ನನ್ನ ಗುರುತು ಸಿಕ್ಕಿತು. ಕೈ ಬುಟ್ಟಿಯ ಮೇಲೆ ಹೋಯಿತು. ನಾನು ನನ್ನ ಕೈ ಎರಡನ್ನೂ ಹಿಂದೆ ಕಟ್ಟಿಕೊಂಡೆ. ಗಲ್ಲ ಎತ್ತಿ ಬೀನ್ಸ್ ಕಡೆ ತೋರಿಸಿದೆ, ಆಮೇಲೆ ಅವಳ ಕಡೆ. ಒಂದು ಕೈ ಮುಂದೆ ತಂದು ಬೆರಳಲ್ಲೇ ಮುರಿಯುವ ಹಾಗೆ ಮಾಡಿದೆ. ನಾನು ಮುಟ್ಟಬಾರದಾದರೆ ನೀನೇ ಮುರಿ!

ಅವಳು ನನ್ನನ್ನು ನೋಡಿಯೇ ನೋಡಿದಳು. ನಾನೂ ಕಣ್ಣು ಕೆಳಗೆ ಹಾಕಲಿಲ್ಲ. ಕೊನೆಗೆ ಒಂದನ್ನು ಎತ್ತಿ ನನ್ನ ಮೂಗಿನೆದುರು ಮುರಿದಳು. ಟಕ್! ಇನ್ನೊಂದು ಮುರಿದಳು, ಮತ್ತೂ ಒಂದು, ಇನ್ನು ಸಾಕಾ ಎನ್ನುವ ಹಾಗೆ. ನಾನು ತಲೆಯಾಡಿಸಿದೆ. ಚೀಲ ತುಂಬಿಸಿ ಕೊಟ್ಟಳು. ನಗಲಿಲ್ಲ. ನಾನೂ ನಗಲಿಲ್ಲ. ಬೀನ್ಸ್ ಮಾತ್ರ ಎಳೆಯದು, ಸುಳ್ಳು ಹೇಳಬಾರದು.

"ಕೊಟ್ಟಳಾ?" ಗಂಡ ಬಾಯಿ ಬಿಟ್ಟರು. ಮಗಳು ಚೀಲ ಇಸಿದುಕೊಂಡು ಒಳಗೆ ಇಣುಕಿ, "ಸೋ, ಸೆವೆನ್," ಎಂದಳು.

"ಏಳು," ಎಂದೆ ನಾನು.

ಮನೆಗೆ ಬಂದವಳೇ ಬೀನ್ಸನ್ನು ನೀರಿಗೆ ಹಾಕಿ ತೆಂಗಿನಕಾಯಿ ಒಡೆದೆ. ತುರಿಯುವ ಮಣೆ ಇರಲಿಲ್ಲ. ಚಾಕು ತೆಗೆದುಕೊಂಡು ಕಾಯಿಯನ್ನು ಚಿಪ್ಪಿನಿಂದ ಹೋಳು ಹೋಳಾಗಿ ಎಬ್ಬಿಸತೊಡಗಿದೆ.